ಎರಡು ಪೌಂಡ್, ಮೂರು ಶಿಲ್ಲಿಂಗ್, ಏಳೂವರೆ ಪೆನ್ನಿ

ನಮ್ಮ ಅಮ್ಮ ಮೇಬಲ್ ಶಟಲ್‌ವರ್ತ್‌ಗೆ ಥಾರ್ನ್‌ಶಾ ಊರಿನ ಒಂಬತ್ತು ದಿನಸಿ ಅಂಗಡಿಗಳ ಬೆಲೆಯೂ ಬಾಯಿಪಾಠವಾಗಿತ್ತು. ನಮ್ಮ ಪಾದ್ರಿಗೆ ಬೈಬಲ್ಲಿನ ಹತ್ತು ಕಟ್ಟಳೆಗಳು ಅಷ್ಟು ಸರಾಗವಾಗಿ ಬರುತ್ತಿದ್ದವೆಂದು ನನಗೆ ನಂಬಿಕೆಯಿಲ್ಲ. ಬ್ರೆಡ್ಡು ಸ್ಟೇಷನ್ ಹತ್ತಿರ ಹನ್ನೊಂದೂವರೆ ಪೆನ್ನಿ, ನಮ್ಮ ಬೀದಿಯ ಮೂಲೆಯಲ್ಲಿ ಪೂರ್ತಿ ಒಂದು ಶಿಲ್ಲಿಂಗ್. ಆ ಅರ್ಧ ಪೆನ್ನಿ ಉಳಿಸಲು ಅಮ್ಮ ಒಂದೂವರೆ ಮೈಲಿ ನಡೆಯುತ್ತಿದ್ದಳು. ಬಸ್ಸಿನಲ್ಲಿ ಹೋಗಬಹುದಿತ್ತು, ಅಪ್ಪನೇ ಆ ಬಸ್ಸಿನ ಕಂಡಕ್ಟರ್. ಆದರೆ ಅಪ್ಪ ಪ್ರಾಮಾಣಿಕ ಮನುಷ್ಯ. ಕಟ್ಟಿಕೊಂಡ ಹೆಂಡತಿಗೂ ಮೂರು ಪೆನ್ನಿಯ ಟಿಕೆಟ್ ಹರಿದು ಕೊಟ್ಟು, "ಮುಂದೆ ನಡೀರಿ ಮೇಡಂ" ಎನ್ನುತ್ತಿದ್ದ. ಟಿಕೆಟ್ಟನ್ನು ಅಮ್ಮ ಕ್ಷಮಿಸಿದಳು. "ಮೇಡಂ" ಅಂದದ್ದನ್ನು ಕ್ಷಮಿಸಲಿಲ್ಲ.

ಅದು ೧೯೬೨ರ ವಸಂತ. ದೇಶ ಹಿಂದೆಂದೂ ಕಾಣದಷ್ಟು ಸುಖವಾಗಿದೆಯೆಂದು ಲಂಡನ್ನಿನ ದೊಡ್ಡವರು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ಹಿತ್ತಲ ಕೊನೆಯ ಪಾಯಿಖಾನೆಗೆ ಮಳೆಯಲ್ಲಿ ಕೊಡೆ ಹಿಡಿದು ಓಡುವಾಗ ಆ ಸುಖ ನಮಗೆ ಸರಿಯಾಗಿ ಅರಿವಿಗೆ ಬರುತ್ತಿತ್ತು.

ನನಗೆ ಆಗ ಹದಿನೇಳು. ಹೆಸರು ಗ್ಲೆನಿಸ್. ನೂಲಿನ ಗಿರಣಿಯ ಆಫೀಸಿನಲ್ಲಿ ಟೈಪಿಸ್ಟ್. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಜೊತೆಗೆ ಮಾಳಿಗೆಯ ಹಿಂದಿನ ಕೋಣೆಯಲ್ಲಿ ಅಪ್ಪನ ತಂಗಿ ಐವಿ ಅತ್ತೆ. ಅತ್ತೆಗೆ ನಲವತ್ತನಾಲ್ಕು ವಯಸ್ಸು. ಅವಳ ಪ್ರಕಾರ ಮೂವತ್ತನಾಲ್ಕು. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸ, ತಲೆಯ ಮೇಲೆ ಜೇನುಗೂಡಿನಂಥ ಕೂದಲು. ಆ ಗೂಡು ಬೀಳದಂತೆ ಅವಳು ವಾರಕ್ಕೊಂದು ಡಬ್ಬಿ ಸ್ಪ್ರೇ ಹೊಡೆಯುತ್ತಿದ್ದಳು. ಬೆಂಕಿಕಡ್ಡಿ ಗೀರುವಾಗ ಅಪ್ಪ ತಂಗಿಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಿದ್ದ. ಶನಿವಾರ ಸಂಜೆ ಟ್ವಿಸ್ಟ್ ನೃತ್ಯ, ಭಾನುವಾರ ಸೊಂಟನೋವು, ಇದು ಅತ್ತೆಯ ವಾರಾಂತ್ಯ. ಯಾವ ವಸ್ತುವಿನ ಬೆಲೆಯೂ ಅವಳಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಪರ್ಸನ್ನೇ ಬಿಚ್ಚಿ ಹಿಡಿದು, "ಎಷ್ಟಾಗತ್ತೋ ತಗೊಳ್ಳಿ" ಎನ್ನುವ ಜಾತಿ.

ಅಮ್ಮನ ಕಣ್ಣಿಗೆ ಇದಕ್ಕಿಂತ ಕುಡಿತವೇ ವಾಸಿ.

ಆ ವರ್ಷ ನಮ್ಮೂರಿನ ಎಂಪ್ರೆಸ್ ಸಿನಿಮಾ ಮಂದಿರ ಮುಚ್ಚಿತು. ಮುಚ್ಚುವ ದಿನ ಬಾಗಿಲ ಮುಂದೆ ನಿಂತು ಊರಿಗೆ ಊರೇ ಕಣ್ಣೀರಿಟ್ಟಿತು. ಎರಡು ವರ್ಷದಿಂದ ಮನೆಯಲ್ಲೇ ಟೆಲಿವಿಷನ್ ಮುಂದೆ ಕೂತು, ಆ ಕಡೆ ತಲೆ ಹಾಕಿಯೂ ಮಲಗದಿದ್ದ ಜನವೇ ಅದು. ಪರದೆ ಇದ್ದ ಕಡೆ ಬೇಳೆಕಾಳಿನ ಕಪಾಟು ಬಂತು, ಬಾಲ್ಕನಿಯ ಕೆಳಗೆ ಸಾಬೂನಿನ ಪುಡಿ ಬಂತು. ಹೆಸರು "ಬ್ರೈಟ್‌ವೇ". ಅಲ್ಲಿ ಯಾರೂ ಸಾಮಾನು ತೆಗೆದುಕೊಡುವುದಿಲ್ಲ, ನಾವೇ ತಂತಿಯ ಬುಟ್ಟಿ ಹಿಡಿದು ತೆಗೆದುಕೊಳ್ಳಬೇಕು. ಅಂಗಡಿಯವನ ಕೆಲಸವನ್ನು ನಾವೇ ಮಾಡಿ, ಅವನಿಗೆ ದುಡ್ಡನ್ನೂ ಕೊಟ್ಟು ಬರುವುದಕ್ಕೆ ಪ್ರಗತಿ ಎಂದು ಹೆಸರು.

ಮ್ಯಾನೇಜರ್ ಕ್ಲಿಫರ್ಡ್ ಟ್ವಿಗ್ ತೆಳ್ಳನೆಯ ಮನುಷ್ಯ. ಎದೆಗೆ ಗುಲಾಬಿ, ಬಾಯಿಗೆ ನಗು, ಎರಡೂ ಸಂಜೆಯ ಹೊತ್ತಿಗೆ ಬಾಡುತ್ತಿದ್ದವು. ಮೊದಲ ವಾರಕ್ಕೆ ಆತ ಒಂದು ಸ್ಪರ್ಧೆ ಇಟ್ಟ. ಬಾಗಿಲಲ್ಲೇ ಒಂದು ತಳ್ಳುಗಾಡಿ ತುಂಬ ಸಾಮಾನು. ಕಪಾಟಿನ ಮೇಲಿನ ಬೋರ್ಡಿನ ಬೆಲೆಯ ಪ್ರಕಾರ ಅದೆಲ್ಲದರ ಒಟ್ಟು ಮೊತ್ತ ಎಷ್ಟು? ಐದು ಶಿಲ್ಲಿಂಗ್ ವ್ಯಾಪಾರ ಮಾಡಿದರೆ ಒಂದು ಚೀಟಿ. ಸರಿ ಉತ್ತರಕ್ಕೆ ಅತಿ ಹತ್ತಿರ ಬಂದವರಿಗೆ ಐವತ್ತು ಗಿನಿಯ, ಎಂದರೆ ಐವತ್ತೆರಡೂವರೆ ಪೌಂಡಿನ, ರೆಫ್ರಿಜರೇಟರ್. ಬಹುಮಾನ ಕೊಡುವವನು ಗಾಯಕ ಡೀನ್ ಬ್ಲೇಜ್. ಅವನ ಒಂದು ಹಾಡು ಆ ಚಳಿಗಾಲದಲ್ಲಿ ಹದಿನೇಳನೆಯ ಸ್ಥಾನದವರೆಗೂ ಏರಿ, ಅಲ್ಲಿಂದ ಕೆಳಗೆ ನೋಡಿ ತಲೆಸುತ್ತು ಬಂದು ಬಿದ್ದಿತ್ತು. ನನ್ನ ಹಾಸಿಗೆಯ ಮೇಲುಗಡೆ ಅವನದೇ ಚಿತ್ರ. ಈಗ ಹೇಳಿಕೊಳ್ಳಲು ನಾಚಿಕೆ.

ಉತ್ತರ ಕಂಡುಹಿಡಿಯುವುದು ಕಷ್ಟವೇನಲ್ಲ. ಕಪಾಟುಗಳ ಮೇಲೆ ಬೆಲೆ ಬರೆದಿತ್ತು, ನೋಡಿ ಕೂಡಿಸಿದರೆ ಆಯಿತು. ಆದರೆ ಕೂಡಿಸುವುದು ಶಾಲೆಯ ಕೆಲಸ, ಸ್ಪರ್ಧೆ ಎಂದರೆ ಅದೃಷ್ಟ ಎಂದು ಊರು ತೀರ್ಮಾನಿಸಿತ್ತು. ಒಬ್ಬರು ಕನಸಿನ ಪ್ರಕಾರ ಬರೆದರು, ಒಬ್ಬರು ಮೊಮ್ಮಗ ಹುಟ್ಟಿದ ತಾರೀಕು ಬರೆದರು. ಅಮ್ಮ ಮಾತ್ರ ಪೆನ್ಸಿಲ್ ಹಿಡಿದು ಹೋದಳು. ಗಾಡಿಯಲ್ಲಿ ಮೇಲಿನ ಸಾಮಾನು ಕಾಣುತ್ತಿತ್ತು, ತಳದ್ದು ಕಾಣುತ್ತಿರಲಿಲ್ಲ. ಭಾನುವಾರದ ಕೋಟು ಹಾಕಿಕೊಂಡಿದ್ದ ನಮ್ಮಮ್ಮ ನೆಲದ ಮೇಲೆ ಅಂಗಾತ ಮಲಗಿ, ಗಾಡಿಯ ಅಡಿಗೆ ತಲೆ ತೂರಿಸಿದಳು.

"ಅಯ್ಯಯ್ಯೋ, ಬಿದ್ರಾ ಮಿಸೆಸ್ ಶಟಲ್‌ವರ್ತ್?" ಎಂದು ಟ್ವಿಗ್ ಓಡಿ ಬಂದ.

"ಬಿದ್ದಿಲ್ಲ, ಓದ್ತಾ ಇದೀನಿ. ಸ್ವಲ್ಪ ಬೆಳಕು ಬಿಡಿ," ಎಂದಳು ಅಮ್ಮ ಕೆಳಗಿನಿಂದಲೇ. "ಆ ಪೀಚ್ ಡಬ್ಬಿ ದೊಡ್ಡದಾ, ಸಣ್ಣದಾ?"

ಮನೆಗೆ ಬಂದು ಮೂರು ಸಲ ಕೂಡಿಸಿದಳು. ಎರಡು ಪೌಂಡ್, ಮೂರು ಶಿಲ್ಲಿಂಗ್, ಏಳೂವರೆ ಪೆನ್ನಿ. ಅದೇ ಮೇಜಿನ ಆ ತುದಿಯಲ್ಲಿ ಅತ್ತೆ ಉಗುರಿಗೆ ಬಣ್ಣ ಹಚ್ಚುತ್ತ ಎಡಗೈಯಲ್ಲಿ ತನ್ನ ಚೀಟಿ ತುಂಬಿದಳು. ಎರಡು ಪೌಂಡ್, ನಾಲ್ಕು ಶಿಲ್ಲಿಂಗ್, ಆರು ಪೆನ್ನಿ.

"ಅದು ಎಲ್ಲಿಂದ ಬಂತೇ?" ಎಂದಳು ಅಮ್ಮ, ತಡೆಯಲಾರದೆ.

"ಎರಡು, ನಾಲ್ಕು, ಆರು. ಅಣ್ಣನ ಬಸ್ ನಂಬರು ಅತ್ತಿಗೆ."

"ನಿಮ್ಮಣ್ಣನ ಬಸ್ಸು ಇವತ್ತಿನವರೆಗೂ ಒಂದು ದಿನ ಸರಿಯಾದ ಟೈಮಿಗೆ ಬಂದಿದೆಯಾ? ಅದನ್ನ ನಂಬ್ಕೊಂಡು ಬರೀತೀಯಲ್ಲ!"

ಅಪ್ಪ ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಆತ ಪೇಪರು ಓದಿ ಮುಗಿಸಿದ್ದನ್ನು ನಾನಂತೂ ಕಂಡಿಲ್ಲ.

ಶನಿವಾರ ಬ್ರೈಟ್‌ವೇ ಒಳಗೆ ಕಾಲಿಡಲು ಜಾಗವಿರಲಿಲ್ಲ. ಡೀನ್ ಬ್ಲೇಜ್ ಮುಕ್ಕಾಲು ಗಂಟೆ ತಡವಾಗಿ, ಹೊಳೆಯುವ ಸೂಟಿನಲ್ಲಿ ಬಂದ. ಚಿತ್ರದಲ್ಲಿ ಆರಡಿ ಇದ್ದವನು ನನ್ನ ಭುಜಕ್ಕೆ ಬರುತ್ತಿದ್ದ. "ಹಲೋ ಥಾರ್ನ್‌ವೆಲ್!" ಎಂದು ನಮ್ಮೂರನ್ನು ಬೇರೆ ಊರಿನ ಹೆಸರಿನಿಂದ ಕೂಗಿದ. ಹುಡುಗಿಯರು ಕಿರುಚಿದರು. ನಾನೂ ಕಿರುಚಿದೆ. ಶುರುವಾಗಿದ್ದರಿಂದ ನಿಲ್ಲಿಸಲು ಆಗಲಿಲ್ಲ.

ಟ್ವಿಗ್ ಲಕೋಟೆ ಒಡೆದ. "ಸರಿಯಾದ ಉತ್ತರ, ಎರಡು ಪೌಂಡ್, ನಾಲ್ಕು ಶಿಲ್ಲಿಂಗ್, ಎಂಟೂವರೆ ಪೆನ್ನಿ! ಅತಿ ಹತ್ತಿರದ ಉತ್ತರ ಕೊಟ್ಟವರು, ಮಿಸ್ ಐವಿ ಶಟಲ್‌ವರ್ತ್!"

ಅತ್ತೆ ಅಲ್ಲೇ ಟ್ವಿಸ್ಟ್ ಮಾಡಿದಳು. ಗಾಯಕ ಅವಳ ಕೆನ್ನೆಗೆ ಮುತ್ತು ಕೊಟ್ಟ, ಜೇನುಗೂಡಿನ ಸ್ಪ್ರೇ ಮೂಗಿಗೆ ಹೋಗಿ ಸೀನಿದ, ಪತ್ರಿಕೆಯವನು ಸರಿಯಾಗಿ ಆ ಗಳಿಗೆಯಲ್ಲೇ ಫೋಟೋ ತೆಗೆದ. ನಾನು ಅಮ್ಮನ ಮುಖ ನೋಡಿದೆ. ಅವಳಿಗೆ ಸಿಟ್ಟು ಬಂದಿರಲಿಲ್ಲ. ಇಷ್ಟು ವರ್ಷ ನಂಬಿದ ಮಗ್ಗಿಯೇ ಕೈಕೊಟ್ಟಂತೆ ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು, ಇನ್ನೊಮ್ಮೆ ಕೂಡಿಸುತ್ತಿದ್ದಳು. ಆಮೇಲೆ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಮುಂದೆ ಹೋದಳು.

"ಮಿಸ್ಟರ್ ಟ್ವಿಗ್, ಗಾಡಿ ಸಾಮಾನನ್ನ ಇನ್ನೊಂದ್ಸಲ ಗಲ್ಲಾ ಯಂತ್ರದಲ್ಲಿ ಹೊಡೆಸಿ."

"ಅಯ್ಯೋ, ಈಗ ಬೇಡ ಬಿಡಿ, ಮನೆಯವರಿಗೇ ಬಂತಲ್ಲ ಬಹುಮಾನ!"

"ಬಹುಮಾನ ಯಾರಿಗೆ ಬೇಕು? ಕೂಡಿಸಿರೋದು ತಪ್ಪು. ಒಂದು ಶಿಲ್ಲಿಂಗ್, ಒಂದು ಪೆನ್ನಿ ಜಾಸ್ತಿ ಬಂದಿದೆ."

ಟ್ವಿಗ್ ನಕ್ಕ. ಜನರೂ ನಕ್ಕರು. ಆ ನಗು ಅವನಿಗೆ ಧೈರ್ಯ ಕೊಟ್ಟಿತು, ಅದೇ ಅವನಿಗೆ ಮುಳುವಾಯಿತು. "ಆಗಲಿ, ಹೊಡೆಸೋಣ. ಎಲ್ಲರೂ ನೋಡಲಿ!"

ಗಲ್ಲಾದ ಹುಡುಗಿ ಒಂದೊಂದೇ ಒತ್ತತೊಡಗಿದಳು. ಅಮ್ಮ ಪಕ್ಕದಲ್ಲಿ ನಿಂತು ಒಂದೊಂದಕ್ಕೂ ತಲೆಯಾಡಿಸಿದಳು. ಬ್ರೆಡ್ಡು ಸರಿ, ಬೆಣ್ಣೆ ಸರಿ. ಚಹಾ ಬಂದಾಗ ಕೈ ಎತ್ತಿದಳು.

"ಚಹಾಕ್ಕೆ ಎಷ್ಟು ಒತ್ತಿದೆಯಮ್ಮ?"

"ಒಂದು ಶಿಲ್ಲಿಂಗ್, ಏಳು ಪೆನ್ನಿ."

"ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಏನಿದೆ? 'ಬೆಲೆ ಇಳಿಕೆ, ಒಂದು ನಾಲ್ಕು.' ಮುಂದೆ ಹೋಗು."

ಪೀಚ್ ಡಬ್ಬಿಗೆ ಬೋರ್ಡಿನಲ್ಲಿ ಒಂದು ಮೂರು, ಗಲ್ಲಾದಲ್ಲಿ ಒಂದು ಎಂಟು. ಸಾಬೂನಿನ ಪುಡಿಗೆ ಬೋರ್ಡಿನಲ್ಲಿ ಒಂದು ಆರು, ಗಲ್ಲಾದಲ್ಲಿ ಒಂದು ಹನ್ನೊಂದು. ಬೆಲೆ ಇಳಿದದ್ದು ಬೋರ್ಡಿನ ಮೇಲೆ ಮಾತ್ರ. ಗಲ್ಲಾಕ್ಕೆ ಆ ಸುದ್ದಿಯನ್ನು ಯಾರೂ ತಿಳಿಸಿರಲಿಲ್ಲ.

"ಮೂರು, ಐದು, ಐದು. ಹದಿಮೂರು ಪೆನ್ನಿ," ಎಂದಳು ಅಮ್ಮ. "ಅಂದ್ರೆ ವಾರವೆಲ್ಲಾ ನಮ್ಮ ಕೈಲೇ ಬುಟ್ಟಿ ಹೊರಿಸಿ, ನಮ್ಮ ತಲೇನೇ ಬೋಳಿಸಿದೀರಿ."

ಆಮೇಲೆ ನೂರಾರು ಕೈಚೀಲಗಳ ಕೊಂಡಿ ಒಟ್ಟಿಗೆ ಬಿಚ್ಚಿದ ಸದ್ದು. ಎಲ್ಲರೂ ವಾರದ ರಸೀದಿ ಹುಡುಕುತ್ತಿದ್ದರು. ಐದು ನಿಮಿಷದ ಹಿಂದೆ ಅಮ್ಮನನ್ನು ನೋಡಿ ನಕ್ಕಿದ್ದವರೇ ಈಗ, "ನಾನು ಮೊದಲೇ ಅಂದ್ಕೊಂಡೆ ಕಣ್ರೀ" ಎನ್ನತೊಡಗಿದರು. ಎದುರುಮನೆಯ ಮಿಸೆಸ್ ಗ್ರಿಮ್‌ಶಾ ಸಾಬೂನಿನ ಪುಡಿಯ ಪೆಟ್ಟಿಗೆಯನ್ನು ಟ್ವಿಗ್‌ನ ಮೂಗಿನ ಹತ್ತಿರ ಆಡಿಸುತ್ತಿದ್ದಳು. ಡೀನ್ ಬ್ಲೇಜ್ ಹಾಡಲು ಬಾಯಿ ತೆರೆದ. "ಸುಮ್ನಿರಪ್ಪಾ, ಇಲ್ಲಿ ಮುಖ್ಯವಾದ ವಿಷಯ ನಡೀತಿದೆ" ಎಂದು ಯಾರೋ ಗದರಿದರು.

ಟ್ವಿಗ್ ಅಮ್ಮನನ್ನು ಬೇಕನ್ ಮಾಂಸದ ಕಪಾಟಿನ ಹಿಂದಕ್ಕೆ ಕರೆದ. ನಾನೂ ಹಿಂದೆಯೇ ಹೋದೆ. ಗುಲಾಬಿ ಆಗಲೇ ಬಾಡಿತ್ತು.

"ಮಿಸೆಸ್ ಶಟಲ್‌ವರ್ತ್, ರೆಫ್ರಿಜರೇಟರ್ ನಿಮ್ಮದೇ. ನ್ಯಾಯವಾಗಿ ನಿಮ್ಮದೇ. ಹೊರಗೆ ಹೋಗಿ ಒಂದು ಮಾತು, ಏನೋ ಕಣ್ತಪ್ಪು ಅಂತ..."

ಅಮ್ಮ ಕಪಾಟಿನ ಸಂದಿಯಿಂದ ಆಚೆ ನೋಡಿದಳು. ಅತ್ತೆ ಆ ಬಿಳಿ ಪೆಟ್ಟಿಗೆಗೆ ಒರಗಿ ಅದರ ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತಿದ್ದಳು. ಒಳಗೆ ದೀಪ ಹೊತ್ತುತ್ತಿತ್ತು. ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದಳು. ಅವಳ ಗಂಡನಾಗಬೇಕಿದ್ದವನು ಯುದ್ಧದಿಂದ ವಾಪಸು ಬರಲಿಲ್ಲ. ಆಮೇಲೆ ಅವಳಿಗೆ ಯಾರೂ ಏನನ್ನೂ ಪುಕ್ಕಟೆ ಕೊಟ್ಟಿರಲಿಲ್ಲ.

"ಅದು ಅವಳ ಹತ್ರಾನೇ ಇರಲಿ," ಎಂದಳು ಅಮ್ಮ. "ನೀವು ಎಲ್ಲರಿಗೂ ಜಾಸ್ತಿ ತಗೊಂಡಿದ್ದು ವಾಪಸು ಕೊಡಿ. ಇವತ್ತೇ. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಸಂಜೆ ಆರರವರೆಗೆ ಸಾಲು ನಿಂತಿತು. ಒಬ್ಬೊಬ್ಬರಿಗೂ ಐದು ಪೆನ್ನಿ, ಎಂಟು ಪೆನ್ನಿ. ಅನ್ಯಾಯದ ವಿರುದ್ಧ ಗೆದ್ದ ಆ ಹಣವನ್ನು ಊರಿನ ಹೆಂಗಸರು ಬಾಗಿಲಲ್ಲೇ ಖರ್ಚು ಮಾಡಿದರು. ಡೀನ್ ಬ್ಲೇಜ್‌ನ ಸಹಿ ಇದ್ದ ಫೋಟೋ ಆರು ಪೆನ್ನಿಗೆ ಮಾರಾಟಕ್ಕಿತ್ತು. ಮಿಸೆಸ್ ಗ್ರಿಮ್‌ಶಾ ಎರಡು ಕೊಂಡಳು. ಸೋಮವಾರ ಬೆಳಗ್ಗೆ ಎಲ್ಲರೂ ಮತ್ತೆ ಬುಟ್ಟಿ ಹಿಡಿದು ಬ್ರೈಟ್‌ವೇ ಬಾಗಿಲಲ್ಲಿದ್ದರು.

ರೆಫ್ರಿಜರೇಟರ್ ನಮ್ಮ ಮನೆಗೇ ಬಂತು, ಇನ್ನೆಲ್ಲಿಗೆ ಹೋಗುತ್ತದೆ? ಅತ್ತೆಯ ಕೋಣೆಯ ಮೆಟ್ಟಿಲಿಗೆ ಅದು ದಪ್ಪವಾಯಿತು. ಅಡುಗೆಮನೆಯಲ್ಲಿ ಪ್ಲಗ್ ಇರಲಿಲ್ಲ. ಕೊನೆಗೆ ಮುಂದಿನ ಕೋಣೆಯಲ್ಲಿ, ಅಜ್ಜನ ಫೋಟೋದ ಕೆಳಗೆ ನಿಂತು ಗೊರಕೆ ಹೊಡೆಯತೊಡಗಿತು. ಅತ್ತೆ ಅದರಲ್ಲಿ ಉಗುರುಬಣ್ಣ, ನೈಲಾನ್ ಕಾಲುಚೀಲ ಮತ್ತು ಒಂದು ನಿಂಬೆಹಣ್ಣು ಇಟ್ಟಳು. ಬಂದವರಿಗೆಲ್ಲ ಐಸು ಕೊಟ್ಟಳು. ಚಹಾಕ್ಕೆ ಐಸು ಹಾಕಿಕೊಂಡು ಕುಡಿಯುವ ಶಿಕ್ಷೆಯನ್ನು ನೆರೆಹೊರೆಯವರು ಮರ್ಯಾದೆಗಾಗಿ ಅನುಭವಿಸಿದರು. ಅಮ್ಮ ಮಾತ್ರ ಅದರ ಬಾಗಿಲು ಮುಟ್ಟಲಿಲ್ಲ. "ನಮ್ಮ ಅಡುಗೆಮನೆ ಅದಕ್ಕಿಂತ ತಣ್ಣಗಿದೆ. ಕರೆಂಟೂ ಬೇಡ," ಎನ್ನುತ್ತಿದ್ದಳು.

ಜೂನ್‌ನಲ್ಲಿ ಬ್ರೈಟ್‌ವೇ ಮುಖ್ಯ ಕಚೇರಿಯಿಂದ ಅಮ್ಮನಿಗೊಂದು ಕಾಗದ ಬಂತು. ಬೋರ್ಡಿನ ಬೆಲೆಯನ್ನೂ ಗಲ್ಲಾದ ಬೆಲೆಯನ್ನೂ ತಾಳೆ ನೋಡುವ ಕೆಲಸ, ವಾರಕ್ಕೆ ಆರು ಪೌಂಡ್ ಹತ್ತು ಶಿಲ್ಲಿಂಗ್. ಇಪ್ಪತ್ತು ವರ್ಷ ಪುಕ್ಕಟೆಯಾಗಿ ಮಾಡುತ್ತ, ಅದಕ್ಕಾಗಿ ಎಲ್ಲ ಅಂಗಡಿಯವರಿಂದ ಬೈಸಿಕೊಳ್ಳುತ್ತಿದ್ದ ಕೆಲಸಕ್ಕೆ ಸಂಬಳ!

"ಬೇಡ ಅನ್ನು," ಎಂದ ಅಪ್ಪ ಪೇಪರಿನ ಹಿಂದಿನಿಂದ. "ಜನ ಏನಂತಾರೆ?"

"ಏನಂತಾರೆ? 'ಮುಂದೆ ನಡೀರಿ ಮೇಡಂ' ಅಂತಾರಾ?"

ಅಪ್ಪ ಅಂದು ಪೇಪರು ಮಡಿಸಿಟ್ಟ.

ಅಮ್ಮ ಕೆಲಸಕ್ಕೆ ಹೋದಳು. ಆಕೆಯ ಹೆಜ್ಜೆ ಸದ್ದು ಕೇಳಿದರೆ ಟ್ವಿಗ್ ಸಾಸೇಜುಗಳ ನಡುವೆ ಮರೆಯಾಗುತ್ತಿದ್ದನಂತೆ.

ಡಿಸೆಂಬರ್ ಕೊನೆಯಲ್ಲಿ ಹಿಮ ಬಿತ್ತು, ಬಿದ್ದದ್ದು ಮಾರ್ಚ್‌ವರೆಗೂ ಕರಗಲಿಲ್ಲ. ಕೊಳಾಯಿ ಹೆಪ್ಪುಗಟ್ಟಿತು. ಬಾಗಿಲಲ್ಲಿಟ್ಟ ಹಾಲು ಉಬ್ಬಿ ಬಾಟಲಿಯ ಮುಚ್ಚಳ ಎತ್ತಿತು. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಮೊಟ್ಟೆಗಳು ಬಿರಿದು ನಿಂತಿದ್ದವು. ಡಜನ್ನಿಗೆ ನಾಲ್ಕು ಶಿಲ್ಲಿಂಗಿನ ಮೊಟ್ಟೆ! ಅಮ್ಮ ಅವನ್ನು ಹೆಣ ನೋಡುವಂತೆ ನೋಡುತ್ತಿದ್ದಳು.

ಅತ್ತೆ ಕೋಟಿನ ಮೇಲೊಂದು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅತ್ತಿಗೆ, ಒಂದು ಮಾತು ಹೇಳ್ತೀನಿ, ಬೈಬೇಡಿ. ಈಗ ಈ ಮನೇಲಿ ಗಡ್ಡೆ ಕಟ್ಟದೇ ಇರೋ ಜಾಗ ಅಂದ್ರೆ ಅದೊಂದೇ. ನನ್ನ ಉಗುರುಬಣ್ಣ ಹಾಗೇ ಇದೆ."

ಅಮ್ಮ ಬಿರಿದ ಮೊಟ್ಟೆಗಳನ್ನು ಬದಿಗೆ ಸರಿಸಿದಳು. ಆಮೇಲೆ ಹಾಲಿನ ಬಾಟಲಿಯನ್ನೂ ಉಳಿದ ಐದು ಮೊಟ್ಟೆಗಳನ್ನೂ ಎತ್ತಿಕೊಂಡು ಮುಂದಿನ ಕೋಣೆಗೆ ಹೋಗಿ, ಮೊದಲ ಸಲ ಆ ಬಾಗಿಲು ತೆಗೆದಳು. ದೀಪ ಹೊತ್ತಿತು.

"ಸ್ವಲ್ಪ ಜರುಗಿಸೇ ನಿನ್ನ ಕಾಲುಚೀಲ," ಎಂದಳು.

ವಾರದೊಳಗೆ ಅರ್ಧ ಬೀದಿಯ ಮೊಟ್ಟೆಗಳು, ಪೆನ್ಸಿಲ್‌ನಲ್ಲಿ ಹೆಸರು ಬರೆಸಿಕೊಂಡು ಅದರೊಳಗೆ ಬೆಚ್ಚಗೆ ಕೂತವು. ತನ್ನ ದೊಡ್ಡ ಮೊಟ್ಟೆ ಯಾರೋ ಬದಲಾಯಿಸಿದ್ದಾರೆ ಎಂದು ಮಿಸೆಸ್ ಗ್ರಿಮ್‌ಶಾ ಜಗಳಕ್ಕೆ ಬಂದಳು. ಅಮ್ಮ ಅತ್ತೆಯ ಮುಖ ನೋಡಿದಳು, ಅತ್ತೆ ಅಮ್ಮನ ಮುಖ ನೋಡಿದಳು. ನಾನು ಹುಟ್ಟಿದಾಗಿನಿಂದ ಅವರಿಬ್ಬರೂ ಒಟ್ಟಿಗೆ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ.