ವಾಸನೆಯಿಲ್ಲದ ಊಟ

ಪೀಪಾಯಿ ಮೇಸ್ತ್ರಿಗೆ ಮಧ್ಯಾಹ್ನದ ಊಟವನ್ನು ದುಡ್ಡು ಕೊಟ್ಟು ಉಂಡು ಅಭ್ಯಾಸವಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನೇ ಉಂಡವನು. ಅವಳು ತೀರಿಕೊಂಡು ಐದು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಅವನು ಕೆಲಸಕ್ಕೇ ಹೋಗಿರಲಿಲ್ಲ. ಇವತ್ತು ಮತ್ತೆ ಶುರು ಮಾಡಿದ್ದ.

ಅವನ ಕೆಲಸ ನಗು ಬರಿಸುವಂಥದ್ದು, ಆದರೆ ಎಲ್ಲರಿಗೂ ಬರುವಂಥದ್ದಲ್ಲ. ಖಾಲಿ ಪೀಪಾಯಿಗೆ ಹೊಸ ವೈನ್ ತುಂಬುವ ಮುಂಚೆ ಅದರ ಬಾಯಿಗೆ ಮೂಗಿಟ್ಟು ಮೂಸಬೇಕು. ಒಳಗಿನ ಮರ ಹುಳಿ ಹಿಡಿದಿದೆಯೋ, ಬೂಷ್ಟು ಬಂದಿದೆಯೋ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೇ ಗೊತ್ತಾಗಬೇಕು. ಒಂದು ಕೆಟ್ಟ ಪೀಪಾಯಿ ತಪ್ಪಿಸಿಕೊಂಡರೆ ಇನ್ನೂರು ಲೀಟರ್ ವೈನ್ ಚರಂಡಿಪಾಲು. ಹಾಗಾಗಿ ಮೂಸುವ ದಿನ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಯಾವುದನ್ನೂ ಮುಟ್ಟುವಂತಿಲ್ಲ. ಹಾಗಂತ ಉಪವಾಸ ಮಾಡುವಂತೆಯೂ ಇಲ್ಲ. ಹಸಿದ ಹೊಟ್ಟೆಯಲ್ಲಿ ಮೂಸಿದರೆ ತಲೆ ತಿರುಗಿ ಒಳ್ಳೆಯ ಪೀಪಾಯಿಯೂ ಹುಳಿಯೆನಿಸುತ್ತದೆ.

ಬೆಳಿಗ್ಗೆ ಹನ್ನೆರಡು ಮೂಸಿ ಮುಗಿಸಿದ್ದ. ಇನ್ನೂ ಮೂವತ್ತು ನೆಲಮಾಳಿಗೆಯಲ್ಲಿ ಸಾಲಾಗಿ ಕಾದಿದ್ದವು. ವೈನ್ ಕಾರ್ಖಾನೆಯ ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೇ ಹೇಳಿದ್ದ: "ಐದು ತಿಂಗಳು ಬಿಟ್ಟಿದ್ದೀರಿ ಮೇಸ್ತ್ರಿ. ಬೇರೆಯವರನ್ನ ಇಟ್ಕೊಳ್ಳಿ ಅಂತ ಮೇಲಿನವರು ಹೇಳ್ತಿದ್ದಾರೆ. ನಾನೇ ನಿಮ್ಮನ್ನ ಕರೆಸಿದೀನಿ. ಎರಡು ಗಂಟೆಗೆ ಬಂದ್ಬಿಡಿ, ಇವತ್ತೊಂದು ದಿನ ನನ್ನ ಮರ್ಯಾದೆ ಉಳಿಸಿ."

ಉಳಿಸಲೇಬೇಕೆಂದು ಅವನೂ ಅಂದುಕೊಂಡಿದ್ದ. ಮನೆಯಲ್ಲಿ ಒಬ್ಬನೇ ಗೋಡೆ ನೋಡುತ್ತ ಕೂತು ಅವನಿಗೆ ಸಾಕಾಗಿತ್ತು. ಈ ಕೆಲಸವೂ ಹೋದರೆ ಬೆಳಿಗ್ಗೆ ಏಳುವುದು ಯಾಕೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಊಟ ಹುಡುಕಿಕೊಂಡು ದೊಡ್ಡ ಬೀದಿಗೆ ಬಂದ. ದ್ರಾಕ್ಷಿ ಕೊಯ್ಲಿನ ಕಾಲ, ಊರ ತುಂಬ ವೈನ್ ರುಚಿ ನೋಡಲು ಬಂದ ಜನ. ಮೊದಲ ಹೋಟೆಲಿನ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆದ ಹಲಗೆಯಿತ್ತು. ನಾಲ್ಕು ಸೊಪ್ಪಿನೆಲೆ, ಎರಡು ಚೂರು ಚೀಸು, ಅದಕ್ಕೆ ಅವನ ಅರ್ಧ ದಿನದ ಕೂಲಿ. ಮೂಗಿಗಿಂತ ಮೂಗುತಿ ಭಾರ ಎಂದುಕೊಂಡು ಮುಂದೆ ನಡೆದ. ಎರಡನೆಯ ಕಡೆ ಮೇಜಿಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಹೂವು. ಬಾಗಿಲಲ್ಲಿ ನಿಂತಿದ್ದಾಕೆ ಅವನ ಕೆಲಸದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಜನ?" ಎಂದು ಕೇಳಿದಳು.

"ಒಬ್ನೇ."

"ಒಬ್ಬರಿಗೆ ಈಗ ಮೇಜು ಕೊಡೋಕಾಗಲ್ಲ. ಮೂರು ಗಂಟೆ ಮೇಲೆ ಬನ್ನಿ."

ತಪ್ಪು ಅವಳದೇನಲ್ಲ. ಆದರೂ 'ಒಬ್ಬನೇ' ಎಂಬ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಹೇಳಿದ್ದಕ್ಕೆ ಸಿಕ್ಕ ಮರ್ಯಾದೆಯೂ ಅದೇ. ತಿರುಗಿ ಬೀದಿಗಿಳಿದ.

ಮೂರನೆಯ ಅಂಗಡಿಯಲ್ಲಿ ಬ್ರೆಡ್ ಬಿಟ್ಟಿ, ಆದರೆ ಐದು ಲೋಟ ವೈನ್ ಕುಡಿದವರಿಗೆ ಮಾತ್ರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥ ಊರಿಗೇ ಹೇಳಿದ ಮಾತಿರಬೇಕು. ಗಡಿಯಾರ ಒಂದೂ ಕಾಲು ತೋರಿಸುತ್ತಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕೊನೆಗೂ ಒಂದು ಸಣ್ಣ ಊಟದ ಅಂಗಡಿ ಸಿಕ್ಕಿತು. ಎರಡು ಬೆಂಚು, ಒಂದು ಒಲೆ, ಒಲೆಯ ಮುಂದೆ ಒಬ್ಬ ದಪ್ಪ ಹೆಂಗಸು. ಲಾರಿ ಡ್ರೈವರುಗಳು ಉಂಡು ಎದ್ದುಹೋಗಿದ್ದರು. ಬೆಲೆ ಕೈಗೆಟಕುವಂಥದ್ದು. ಆದರೆ ಹೊಸ್ತಿಲಲ್ಲೇ ಬೆಳ್ಳುಳ್ಳಿಯ ಘಾಟು ಮೂಗಿಗೆ ಬಡಿಯಿತು. ಮೇಸ್ತ್ರಿ ಅಂಗೈಯಿಂದ ಮೂಗು ಮುಚ್ಚಿಕೊಂಡು ತನ್ನ ಕಷ್ಟ ಹೇಳಿದ.

ಹೆಂಗಸು ನಕ್ಕಳು. "ಅಷ್ಟೇ ತಾನೇ ಅಣ್ಣ? ಹೊರಗಿನ ಬೆಂಚಲ್ಲಿ ಕೂತ್ಕೊಳ್ಳಿ. ಬೇರೆ ಪಾತ್ರೇಲಿ ಮಾಡ್ಕೊಡ್ತೀನಿ. ಮನೇಲಿ ಏನು ತಿಂತಿದ್ರಿ, ಅದನ್ನ ಹೇಳಿ."

ಮೇಸ್ತ್ರಿ ಆ ಡಬ್ಬಿಯನ್ನು ನೆನಪಿಸಿಕೊಳ್ಳಲು ನೋಡಿದ. ಏನೋ ಬೆಳ್ಳಗೆ, ಮೆತ್ತಗೆ ಇರುತ್ತಿತ್ತು. ಸಪ್ಪೆ ಎಂದು ದಿನಾ ಗೊಣಗುತ್ತಿದ್ದ. ಇಪ್ಪತ್ತನಾಲ್ಕು ವರ್ಷ ಉಂಡ ಊಟ ಯಾವುದೆಂದು ಅವನು ಒಂದು ದಿನವೂ ನೋಡಿರಲಿಲ್ಲ. ನಾಚಿಕೆಯಾಗಿ, ಮದುವೆಯಾಗಿ ದೂರದಲ್ಲಿದ್ದ ಮಗಳಿಗೆ ಫೋನ್ ಮಾಡಿದ.

"ಅಪ್ಪಾ, ಊಟ ಆಯ್ತಾ?"

"ಅದಕ್ಕೇ ಮಾಡಿದ್ದಮ್ಮ. ಅಮ್ಮ ನನ್ನ ಡಬ್ಬಿಗೆ ಏನು ಹಾಕ್ತಿದ್ಲು?"

"ಬೇಯ್ಸಿದ ಆಲೂಗಡ್ಡೆ, ಅನ್ನ, ಸ್ವಲ್ಪ ಉಪ್ಪು, ಬೆಣ್ಣೆ. ತಾನೂ ಅದನ್ನೇ ತಿಂತಿದ್ಲಲ್ಲ."

"ಅವಳ್ಯಾಕೆ ಅದನ್ನ ತಿನ್ಬೇಕಿತ್ತು? ಅವಳೇನು ಪೀಪಾಯಿ ಮೂಸ್ತಿದ್ಲಾ?"

"ನೀವೇ ಹೇಳಿದ್ರಂತಲ್ಲಪ್ಪ. ಮದುವೆಯಾದ ಹೊಸದರಲ್ಲಿ ಒಂದು ಪೀಪಾಯಿ ತಪ್ಪಿತ್ತಂತೆ. ನಿನ್ನ ಬೆಳ್ಳುಳ್ಳಿ ಘಾಟು ಅಂಗಿಗೆಲ್ಲ ಹತ್ತಿದೆ, ಅದರಿಂದಲೇ ಆಗಿದ್ದು ಅಂತ ರೇಗಿದ್ರಂತೆ. ಆಮೇಲೆ ಅಮ್ಮ ಮನೆಗೆ ಬೆಳ್ಳುಳ್ಳೀನೇ ತರಲಿಲ್ಲ. ಅಮ್ಮಂಗೆ ಅದಂದ್ರೆ ಪ್ರಾಣ. ಆಗಾಗ ಪಕ್ಕದ ಮನೆ ಅತ್ತೆ ಹತ್ರ ಹೋಗಿ, ಎಣ್ಣೇಲಿ ಹುರಿಸ್ಕೊಂಡು ತಿಂದು, ನೀವು ಬರೋಷ್ಟರಲ್ಲಿ ಸೋಪು ಹಾಕಿ ಕೈ ಬಾಯಿ ತೊಳ್ಕೊಂಡ್ಬಿಡ್ತಿದ್ಲು. ನಾನೂ ಅಮ್ಮನೂ ಅದಕ್ಕೆ ನಗ್ತಿದ್ವಿ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಸಾವಿರಾರು ಪೀಪಾಯಿಗಳ ಹೊಟ್ಟೆಯೊಳಗಿನ ಗುಟ್ಟು ಹಿಡಿದ ಮೂಗಿಗೆ ಪಕ್ಕದಲ್ಲಿ ಮಲಗಿದವಳ ಕೈಯ ವಾಸನೆ ಗೊತ್ತಿರಲಿಲ್ಲ. ಆ ಬೈಗುಳವೂ ನೆನಪಿರಲಿಲ್ಲ. ಅಂದವನು ಅಂದು ಮರೆತಿದ್ದ, ಅನ್ನಿಸಿಕೊಂಡವಳು ಸಾಯುವ ತನಕ ಪಾಲಿಸಿದ್ದಳು.

ಫೋನನ್ನು ಬೆಂಚಿನ ಮೇಲಿಟ್ಟ. ಮನೆಯಲ್ಲಿ ಅವಳಿಲ್ಲ ಎಂಬ ದುಃಖ ಅವನಿಗೆ ಹಳೆಯದು. ಅವಳಿದ್ದಾಗಲೂ ಒಂದು ಮೂಲೆಯಲ್ಲಿ ಒಂಟಿಯಾಗಿದ್ದಳು ಎಂಬುದು ಹೊಸದು, ಅದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

"ಆಲೂಗಡ್ಡೆ ಬೇಯಕ್ಕಿಡ್ಲಾ ಅಣ್ಣ?" ಹೆಂಗಸು ಒಳಗಿಂದ ಕೇಳಿದಳು.

"ಬೇಡಮ್ಮ. ಬೆಳ್ಳುಳ್ಳಿ ಎಣ್ಣೇಲಿ ಹುರಿದು ಕೊಡಿ. ಅನ್ನದ ಜೊತೆ."

"ನಿಮ್ಮ ಕೆಲಸ?"

ಅವನು ಮ್ಯಾನೇಜರಿಗೆ ಫೋನ್ ಮಾಡಿದ. ಇವತ್ತು ಮೂಸಲು ಆಗುವುದಿಲ್ಲ, ನಾಳೆ ಬೆಳಿಗ್ಗೆ ಆರಕ್ಕೇ ಬರುತ್ತೇನೆ ಎಂದ. "ನಾಳೆ ಬರೋದು ಬೇಡ ಮೇಸ್ತ್ರಿ," ಎಂದ ಮ್ಯಾನೇಜರ್. ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಹೆಚ್ಚಿತ್ತು. ಮೇಸ್ತ್ರಿ ವಾದ ಮಾಡಲಿಲ್ಲ.

ತಟ್ಟೆ ಬಂತು. ಬೆಳ್ಳುಳ್ಳಿಯ ಎಸಳುಗಳು ಕೆಂಪಗಾಗಿ ಅನ್ನದ ಮೇಲೆ ಬಿದ್ದಿದ್ದವು. ಮೊದಲ ತುತ್ತು ನಾಲಿಗೆಗೆ ಚುರ್ರೆಂದಿತು, ಆಮೇಲೆ ಸಿಹಿಯಾಯಿತು. ಎಷ್ಟು ಚೆನ್ನಾಗಿದೆ ಎಂದುಕೊಂಡ. ಇದು ಅವಳಿಗೆ ಎಷ್ಟು ಚೆನ್ನಾಗಿರುತ್ತಿತ್ತೋ ಎಂದುಕೊಂಡಾಗ ಕಣ್ಣು ತುಂಬಿ ಬಂತು. ಒಂದು ಅಗುಳೂ ಬಿಡದೆ ಉಂಡ.

ಎದ್ದಾಗ ಹೆಂಗಸು ನೀರಿನ ಚೊಂಬಿನ ಜೊತೆ ಒಂದು ಸೋಪಿನ ಚೂರು ಮುಂದೆ ಹಿಡಿದಳು. "ಚೆನ್ನಾಗಿ ಉಜ್ಜಿ ಅಣ್ಣ, ವಾಸನೆ ಹೋಗುತ್ತೆ. ಮನೇಲಿ ಬೈತಾರೆ."

"ಬೈಯೋರು ಯಾರೂ ಇಲ್ಲಮ್ಮ," ಎಂದ. ಬರೀ ನೀರಿನಲ್ಲಿ ಬೆರಳು ತೊಳೆದು, ಸೋಪನ್ನು ಮುಟ್ಟದೆ, ಮನೆಯ ಕಡೆಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕೈಯನ್ನು ಮೂಗಿನ ಹತ್ತಿರವೇ ಇಟ್ಟುಕೊಂಡಿದ್ದ.