ಯೋಗೀಶ ಹೊದ್ದ ಶಾಲು

ಆಡಿಷನ್ನಿಗೆ ನಿಂತು ಹಾಡಿದವಳು ಗಗನಾ, ಶಾಲು ಹೊದ್ದವನು ಅವಳಪ್ಪ ಯೋಗೀಶ. ಸಿಡ್ನಿಯ ರೌಸ್ ಹಿಲ್‌ನ ಕನ್ನಡಿಗರ ಸಂಘವೊಂದರ ರಾಜ್ಯೋತ್ಸವದಲ್ಲಿ ಅವನ ತಲೆಗೆ ಮೈಸೂರು ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಅಧ್ಯಕ್ಷ ಶಿವಪುತ್ರಪ್ಪನವರು "ಪ್ರತಿಭಾವಂತೆಯ ತಂದೆ!" ಎಂದು ಮೈಕಿನಲ್ಲಿ ಕೂಗಿದರು. ಪ್ರತಿಭಾವಂತೆ ಕೊನೆಯ ಸಾಲಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿದ್ದ ತಾಯಿ ಭಾಗೀರಥಿಗೆ ಗಂಡ ಹಲ್ಲು ಕಿರಿಯುವುದನ್ನು ನೋಡಿ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಹಾಡು, ಕುಣಿತ, ಅಭಿನಯ ಮೂರನ್ನೂ ಸೇರಿಸಿ ಕಲಿಸುವ ಮ್ಯೂಸಿಕಲ್ ಥಿಯೇಟರ್ ಕೋರ್ಸಿಗೆ ಮಗಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಸಿಡ್ನಿಯ ಕಾಲೇಜು ಮೆರಿಟ್ ಸ್ಕಾಲರ್‌ಶಿಪ್ ಕೊಡುತ್ತೇನೆ ಎಂದಿತ್ತು. ಮೆಲ್ಬರ್ನ್‌ನದು ಬಿಡಿಗಾಸೂ ಕೊಡುವುದಿಲ್ಲ, ಆದರೆ ಮೊದಲ ವರ್ಷದಿಂದಲೇ ಎಲ್ಲರನ್ನೂ ರಂಗ ಹತ್ತಿಸುತ್ತದೆ. ಗಗನಾಳ ಮನಸ್ಸೆಲ್ಲ ಮೆಲ್ಬರ್ನ್ ಮೇಲೆ. "ಒಂದು ವೀಕ್ ಕೊಡಿ ಅಪ್ಪಾ, ಯೋಚನೆ ಮಾಡಿ ಹೇಳ್ತೀನಿ" ಎಂದಿದ್ದಳು. ಆ ಮಹಾಶಯನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಊರಿಗೆಲ್ಲ ಡಂಗುರ ಸಾರಿ ಬಂದ. ಅವನ ಲೆಕ್ಕದಲ್ಲಿ ಸ್ಕಾಲರ್‌ಶಿಪ್ ಎಂದರೆ ಎಸ್ಸೆಸ್ಸೆಲ್ಸಿ ರ್‍ಯಾಂಕು. ರ್‍ಯಾಂಕು ಬಂದರೆ ಸನ್ಮಾನ, ಸನ್ಮಾನವಾದರೆ ಮಾತು ಮುಗಿಯಿತು.

"ಶಾಲು ಹೊದಿಸಿ ಆಯ್ತಲ್ಲಮ್ಮ. ಈಗ ಬೇಡ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ಸಂಘಕ್ಕೆ ಹೋಗ್ಲಿ?" ಎಂದ.

ಅಪ್ಪನ ಆ ಮುಖ ಉಳಿಸುವುದಕ್ಕೆ ಮಗಳು ಸಿಡ್ನಿ ಕಾಲೇಜು ಸೇರಿದಳು.

ಕಾಲೇಜಿನವರು ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಎಪ್ಪಿಂಗ್ ರೈಲ್ವೆ ಸ್ಟೇಷನ್ನಿನ ಜಾಹೀರಾತಿನಲ್ಲಿ ಗಗನಾಳ ನಗು. ದಾನಿಗಳ ಡಿನ್ನರಿನಲ್ಲಿ, ಚಾಕು-ಫೋರ್ಕುಗಳ ಸದ್ದಿನ ನಡುವೆ, ಗಗನಾಳ ಹಾಡು. ವರ್ಷದ ದೊಡ್ಡ ನಾಟಕಕ್ಕೆ ಪಾತ್ರ ಹಂಚಿದಾಗ ಮಾತ್ರ ಅವಳಿಗೆ ಸುಮ್ಮನೆ ಮರವಾಗಿ ನಿಲ್ಲುವ ಪಾತ್ರವೂ ಇಲ್ಲ. "ನಿನಗೆ ಸ್ಕಾಲರ್‌ಶಿಪ್ ಸಿಕ್ಕಿದೆಯಲ್ಲ, ಅವಕಾಶ ಎಲ್ಲರಿಗೂ ಹಂಚಿಹೋಗಬೇಕು" ಎಂದಳಂತೆ ನಿರ್ದೇಶಕಿ. ಆಹಾ, ಏನು ನ್ಯಾಯ! ಚೆನ್ನಾಗಿ ಹಾಡುತ್ತೀಯ ಎಂದು ಕರೆತಂದವರೇ, ಚೆನ್ನಾಗಿ ಹಾಡುತ್ತೀಯ, ಅದಕ್ಕೇ ಆಚೆ ನಿಲ್ಲು ಎಂದರು.

ನಿಲ್ಲಿಸಿದ್ದೂ ಎಲ್ಲಿ? ಪರದೆಯ ಹಿಂದೆ. ನಾಯಕಿಯಾದವಳಿಗೆ ಮೇಲಿನ ಸ್ವರ ಹತ್ತುತ್ತಿರಲಿಲ್ಲ. ಆ ಜಾಗ ಬಂದಾಗ ಗಗನಾ ಕತ್ತಲಲ್ಲಿ ಮೈಕು ಹಿಡಿದು ಹಾಡಬೇಕು, ನಾಯಕಿ ಬೆಳಕಿನಲ್ಲಿ ಬಾಯಿ ತೆರೆದು ನಿಲ್ಲಬೇಕು. ಗಗನಾ ಇದನ್ನೆಲ್ಲ ಅಮ್ಮನಿಗೆ ಹೇಳಿ ಅತ್ತಳು. ಅಪ್ಪನಿಗೆ ಹೇಳಿದ್ದು ಇಷ್ಟೇ: "ನಂಗೆ ಪಾರ್ಟ್ ಇಲ್ಲ, ಬರ್ಬೇಡಿ."

"ಸುಮ್ನೆ ಹೇಳ್ತಾಳೆ. ಸ್ಕಾಲರ್‌ಶಿಪ್ ಹುಡುಗೀನ ಬಿಡ್ತಾರಾ?" ಎಂದ ಯೋಗೀಶ, ಶಿವಪುತ್ರಪ್ಪನವರನ್ನೂ ಸೇರಿಸಿ ಸಂಘದ ಒಂದು ಸಾಲು ಜನರನ್ನು ನಾಟಕಕ್ಕೆ ಕಟ್ಟಿಕೊಂಡು ಹೋದ.

ಒಬ್ಬೊಬ್ಬರು ರಂಗಕ್ಕೆ ಬಂದಾಗಲೂ ಅವನು ಕತ್ತು ಉದ್ದ ಮಾಡಿದ್ದೇ ಮಾಡಿದ್ದು. ಕೊನೆಗೆ ಆ ಮೇಲಿನ ಸ್ವರ ಎದ್ದಿತು. ಪಾತ್ರೆ ತೊಳೆಯುವಾಗ, ಕಾರಿನ ಹಿಂದಿನ ಸೀಟಿನಲ್ಲಿ ದಿನಾ ಕೇಳಿದ ದನಿ. ಭಾಗೀರಥಿಯ ಕಣ್ಣು ತುಂಬಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಬಾಯಿ ತೆರೆದವಳಿಗೆ. ಯೋಗೀಶನೂ ಹೊಡೆದ. "ಏನ್ ಹಾಡ್ತಾಳೆ ಕಣೇ ಈ ಹುಡುಗಿ!" ಎಂದು ಹೆಂಡತಿಯ ಕಿವಿಯಲ್ಲಿ ಬೇರೆ ಹೇಳಿದ ಆ ಗೂಬೆ. ಭಾಗೀರಥಿ ತುಟಿ ಕಚ್ಚಿಕೊಂಡಳು. ಬಾಯಿ ಬಿಟ್ಟಿದ್ದರೆ ಅಲ್ಲೇ ರಂಪವಾಗುತ್ತಿತ್ತು.

ಆಮೇಲೆ ಗಗನಾ ಮೆಲ್ಬರ್ನ್ ಅಂಚಿನ ಕ್ಲೈಡ್ ನಾರ್ತ್‌ನ ಚಿಕ್ಕಮ್ಮ ಶ್ರೀಲಕ್ಷ್ಮಿಯ ಮನೆಗೆಂದು ಹೋಗಿ, ಮೆಲ್ಬರ್ನ್ ಕಾಲೇಜಿನಲ್ಲಿ ಮತ್ತೆ ಹಾಡಿ, ಮತ್ತೆ ಸೀಟು ಗಿಟ್ಟಿಸಿಕೊಂಡು ಬಂದಳು. "ಮರದ ಪಾರ್ಟ್ ಕೊಟ್ರೂ ಓಕೆ ಅಮ್ಮಾ. ಜನ ನನ್ನ ನೋಡ್ಬೇಕು, ಅಷ್ಟೇ."

ಯೋಗೀಶ ಅದೇ ಹಳೇ ರಾಗ ತೆಗೆದ. "ಸ್ಕಾಲರ್‌ಶಿಪ್ ಬಿಡ್ತಾಳಂತೆ! ರಾಜ್ಯೋತ್ಸವ ಬೇರೆ ಹತ್ರ ಬಂತು. ಶಾಲು ಹೊದ್ದೋನು ನಾನು ಕಣೇ, ನೀನಲ್ಲ."

"ಆ ಶಾಲು ತಾನೇ ಅಡ್ಡ? ಆಯ್ತು ಬಿಡಿ" ಎಂದಳು ಭಾಗೀರಥಿ.

ಆ ವರ್ಷದ ಸನ್ಮಾನ ಶುರುವಾಗುವ ಹೊತ್ತಿಗೆ ಅವಳು ಸರಸರ ವೇದಿಕೆ ಹತ್ತಿ, ಮಡಿಸಿ ತಂದಿದ್ದ ಶಾಲನ್ನು ಶಿವಪುತ್ರಪ್ಪನವರ ಕೈಯಲ್ಲಿಟ್ಟಳು.

"ಮೇಡಂ, ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ..."

"ಮಗಳನ್ನ ಒಂದ್ ಮಾತು ಕೇಳ್ದೆ ಅಪ್ಪನಿಗೆ ಹೊದಿಸೋ ಪದ್ಧತಿ ಇತ್ತಾ ಸರ್?" ಅವಳು ಮೈಕು ಕಿತ್ತುಕೊಂಡಳು. "ಗಗನಾ ಆ ಸ್ಕಾಲರ್‌ಶಿಪ್ ಬಿಟ್ಟು ಮೆಲ್ಬರ್ನ್‌ಗೆ ಹೋಗ್ತಿದ್ದಾಳೆ. ನಮ್ಮನೆಯವರಿಗೆ ಚಳಿಯಾದ್ರೆ ಸ್ವೆಟರ್ ನಾನೇ ಕೊಡಿಸ್ತೀನಿ."

ಸಭೆ ಗೊಳ್ಳೆಂದಿತು. ಯೋಗೀಶ ಇಂಗು ತಿಂದ ಮಂಗನಂತೆ ಕೂತ. ಸಂಘದ ಮಾನ ಉಳಿಸಲು ಶಿವಪುತ್ರಪ್ಪನವರು, "ಆಗ್ಲಿ, ಆಗ್ಲಿ, ಗಗನಾ ಈಗ ಒಂದು ಹಾಡು ಹೇಳ್ತಾಳೆ" ಎಂದು ತಾವೇ ಚಪ್ಪಾಳೆ ಶುರುಮಾಡಿದರು.

"ಇಲ್ಲ ಸರ್" ಎಂದಳು ಭಾಗೀರಥಿ, ಸಭೆಯಲ್ಲಿ ಕೂತಿದ್ದ ಮಗಳ ಕಡೆ ಕೈತೋರಿಸಿ. "ಆವತ್ತು ಕಾಲೇಜಲ್ಲಿ ನೀವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ರಲ್ಲ, ಅದನ್ನ ಹಾಡಿದ್ದು ಇವಳೇ, ಪರದೆ ಹಿಂದೆ ನಿಂತು. ಇನ್ನೊಂದ್ಸಲ ಕೇಳ್ಬೇಕಾದ್ರೆ ಟಿಕೆಟ್ ತಗೊಂಡು ಮೆಲ್ಬರ್ನ್‌ಗೆ ಬನ್ನಿ. ಅಲ್ಲಿ ಮುಖಾನೂ ಕಾಣ್ಸುತ್ತೆ."

ಮುಂದಿನ ಸಾಲಿನಲ್ಲಿ ಯೋಗೀಶ ಪಕ್ಕದವನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಅದು ನಮ್ಮ ಗಗನಾ ದನಿಯಾ?"