ಅಳತೆಗೆ ಮಲಗಿದವಳು

ಬೆನ್ನಿಗೆ ಕಲ್ಲೊಂದು ಒತ್ತುತ್ತಿದೆ, ಬಲ ಹೆಗಲಿನ ಕೆಳಗೆ, ಸರಿದರೆ ಬಟ್ಟೆಗೆ ಸುಣ್ಣ ಮೆತ್ತುತ್ತದೆ, ಸರಿಯದಿದ್ದರೆ ಕಲ್ಲು, ಇರಲಿ, ಎಷ್ಟು ಹೊತ್ತಿನ ಮಾತು, ಮಲಗಿ ಎದ್ದರೆ ಮುಗಿಯಿತು ಎಂದಿದ್ದಾಳಲ್ಲ ತಮ್ಮನ ಹೆಂಡತಿ — ಅತ್ತಿಗೆ, ಒಂದ್ಸಲ ಮಲಗಿ ನೋಡ್ಬಿಡಿ, ನಿಮ್ಮ ರೂಮು ಎಷ್ಟಿದೆ ಅಂತ ನಿಮಗೇ ಗೊತ್ತಾಗುತ್ತೆ — ಮಲಗಿದೆ, ತಲೆ ಅರ್ಧ ನರೆತ ಹೆಂಗಸು ನಾನು, ಹಾಡುಹಗಲಲ್ಲಿ, ಖಾಲಿ ಸೈಟಿನ ಮಣ್ಣಿನ ಮೇಲೆ, ಸುತ್ತ ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಎಳೆದ ಬಿಳಿ ಗೆರೆ, ಅದೇ ನನ್ನ ಗೋಡೆ, ನಾಲ್ಕು ಕಡೆಯೂ. ಕೆಳಗಿನಿಂದ ನೋಡಿದರೆ ಮನುಷ್ಯರಲ್ಲಿ ಮೂಗಿನ ಹೊಳ್ಳೆಯೇ ದೊಡ್ಡದು. ತಮ್ಮನ ಹೊಳ್ಳೆಯಲ್ಲಿ ಬಿಳಿ ಕೂದಲು ಬಂದಿದೆ, ಯಾವಾಗ ಬಂತೋ, ಇವನಿಗೆ ನೆಗಡಿಯಾದಾಗ ನನ್ನ ಲಂಗದ ಅಂಚಿನಿಂದಲೇ ಒರೆಸುತ್ತಿದ್ದೆ. ಬರೀ ಗೆರೆಯಲ್ಲಿ ನೋಡಿದ್ರೆ ಯಾವ ಮನೆಯಾದ್ರೂ ಕೋಳಿಗೂಡೇ ಅಮ್ಮಾ, ಮೇಸ್ತ್ರಿ ಹೇಳುತ್ತಿದ್ದಾನೆ, ಗೋಡೆ ಎದ್ದ ಮೇಲೆ ನೋಡಿ, ಓಡಾಡೋವಷ್ಟು ಜಾಗ — ಯಾರು ಓಡಾಡುತ್ತಾರೆ, ಮಂಡಿ ನೋವಿನವಳು, ಗೋಡೆ ಎದ್ದರೆ ಜಾಗ ಹೆಚ್ಚುತ್ತದೆಯಂತೆ, ಹೊಟ್ಟೆ ಬಿಗಿದು ಕಟ್ಟಿದರೆ ಹಸಿವು ಹೋಗುತ್ತದೆ ಎಂದ ಹಾಗೆ — ಅಷ್ಟರಲ್ಲಿ ತಮ್ಮನ ಮಗಳು ಕಿಸಕ್ಕನೆ ನಕ್ಕಳು, ಅಪ್ಪಾ ಇಲ್ನೋಡು, ಅತ್ತೆ ಕಾಲು ಬಚ್ಚಲಲ್ಲಿದೆ.

ಎಲ್ಲರೂ ನಕ್ಕರು, ನಾನೂ ನಕ್ಕೆ, ತಲೆಯೆತ್ತಿ ನೋಡಿದೆ, ಹೌದು, ನನ್ನ ಎರಡು ಕಾಲೂ ಗೆರೆ ದಾಟಿ ಆಚೆ ಬಿದ್ದಿವೆ, ಬಿಳಿ ಗೆರೆ ನನ್ನ ಕಾಲ ಹರಡಿನ ಕೆಳಗೆ ಹಾದುಹೋಗಿದೆ, ಪಾದಗಳು ಬಚ್ಚಲಲ್ಲಿ, ನಾನು ಕೋಣೆಯಲ್ಲಿ. ಹುಡುಗಿ ಫೋಟೋ ತೆಗೆಯುತ್ತಿದ್ದಾಳೆ, ನಗು ಅತ್ತೆ, ನಮ್ಮ ಹೊಸ ಮನೇಲಿ ಮೊದಲು ಮಲಗಿದ್ದು ನೀನೇ. ಮೊದಲ ನಕ್ಷೆಯಲ್ಲಿ ನನಗೊಂದು ಕಿಟಕಿಯಿತ್ತು. ತಮ್ಮ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತಂದಿದ್ದ, ಅಕ್ಕ ಇದು ನಿಂದು, ಬೆಳಗ್ಗೆ ಬಿಸಿಲು ನೇರ ಮಂಚದ ಮೇಲೆ ಬೀಳುತ್ತೆ, ನಾನು ಆ ಕಾಗದವನ್ನು ಬೆಳಕಿಗೆ ಹಿಡಿದೇ ನೋಡಿದ್ದೆ, ಹುಚ್ಚಿ. ಆಮೇಲೆ ಖರ್ಚು ಇಳಿಸಬೇಕು ಎಂದರು, ಗೋಡೆ ಕಡಿಮೆಯಾದಷ್ಟೂ ಖರ್ಚು ಕಡಿಮೆ, ಅಡುಗೆಮನೆಗೂ ಬಚ್ಚಲಿಗೂ ಬೆನ್ನಿಗೆ ಬೆನ್ನು ಕೊಟ್ಟರೆ ಪೈಪು ಉಳಿಯುತ್ತದೆ, ಪೈಪು ಉಳಿಯಿತು, ಕಿಟಕಿ ಹೋಯಿತು. ಇದೆಲ್ಲ ನನಗೆ ಹೊಸದೇ? ಗಾರ್ಮೆಂಟ್ಸಿನಲ್ಲಿ ಜೀವಮಾನವಿಡೀ ಮಾಡಿದ್ದು ಇದನ್ನೇ, ಬಟ್ಟೆ ಹಾಸಿ ಮೇಲೆ ರಟ್ಟಿನ ಅಳತೆ ತುಂಡುಗಳನ್ನು ಹೊಂದಿಸುವುದು, ಮೊದಲು ಬೆನ್ನು, ಎದೆ, ಆಮೇಲೆ ತೋಳು, ಕಾಲರು, ಕೊನೆಗೆ ಸಂದಿಯಲ್ಲಿ ಏನು ಉಳಿಯಿತೋ ಅದರಲ್ಲಿ ಜೇಬಿನ ಒಳಚೀಲ, ಯಾರಿಗೂ ಕಾಣದ ತುಂಡು ನೋಡು, ಹೇಗಿದ್ದರೂ ನಡೆಯುತ್ತದೆ. ಆದರೆ ಬಟ್ಟೆ ಕೊಂಡವರು ಜೇಬಿನ ಚೀಲವನ್ನೇ ಬಟ್ಟೆಯ ದುಡ್ಡು ಕೊಡು ಎಂದು ಕೇಳಿದ್ದನ್ನು ಕಂಡಿರಲಿಲ್ಲ. ಫ್ಯಾಕ್ಟರಿ ಬಿಟ್ಟಾಗ ಕೈಗೆ ಬಂದ ಗಂಟು, ಅದಿಲ್ಲದೆ ಈ ಸೈಟು ಇಲ್ಲ, ಸೈಟು ಮಾರುವವರು ರಸ್ತೆಯಲ್ಲಿ ಕಾರಿನೊಳಗೆ ಕೂತು ಕಾಯುತ್ತಿದ್ದಾರೆ, ಇವತ್ತು ನಾನು ಹೂಂ ಅಂದರೆ ಮುಂಗಡ, ಇಲ್ಲ ಅಂದರೆ ನಾಳೆ ಬೇರೆಯವರಿಗೆ.

ಹಾಗಾದರೆ ಇಲ್ಲ ಅನ್ನು. ಎದ್ದು ಮಣ್ಣು ಕೊಡವಿಕೊಂಡು ಇಲ್ಲ ಅನ್ನು, ನಿನ್ನ ಬಾಡಿಗೆ ಕೋಣೆಗೆ ಹೋಗಿ ಕಾಲು ಚಾಚಿ ಮಲಗು, ಅಲ್ಲಿ ಚಾಚಬಹುದು, ಅಡ್ಡ ಬೇಕಾದರೂ ಮಲಗಬಹುದು — ಕೆಳಗಿನ ಮನೆಯ ಟೀಚರಮ್ಮನೂ ಹಾಗೇ ಚಾಚಿ ಮಲಗಿದ್ದಳು, ಒಬ್ಬಳೇ, ಬಾಗಿಲ ಹೊರಗೆ ಹಾಲಿನ ಪ್ಯಾಕೆಟ್ಟುಗಳು ಒಂದರ ಮೇಲೊಂದು ಬಿದ್ದು ಬಿಸಿಲಿಗೆ ಊದಿಕೊಂಡಿದ್ದವು, ನಾನು ದಿನಾ ಅವನ್ನು ದಾಟಿಕೊಂಡೇ ಕೆಲಸಕ್ಕೆ ಹೋದೆ, ಊರಿಗೆ ಹೋಗಿರಬೇಕು ಅಂದುಕೊಂಡೆ, ಒಂದು ಪ್ಯಾಕೆಟ್ಟು ಒಡೆದು ವಾಸನೆ ಬಂತು, ಆ ವಾಸನೆ ಹಾಲಿನದೇ ಎಂದು ನಂಬಿದ್ದೆ. ಇಲ್ಲಿ ಸತ್ತರೆ ಬೆಳಗ್ಗೆಯೇ ಗೊತ್ತಾಗುತ್ತದೆ, ಬಚ್ಚಲಿಗೆ ಹೋಗುವವರಿಗೆ ನನ್ನ ಕಾಲು ಎಡವುತ್ತದೆ.

ಸ್ವಲ್ಪ ಆಚೆ ಹಾಕ್ಬಹುದಲ್ಲಾ ಗೆರೆ, ನಾನೇ ಅಂದೆ, ಯಾರ ದನಿಯೋ ಎನ್ನುವಂತಿತ್ತು. ಬಚ್ಚಲು ಸರಿದರೆ ಹಾಲ್ ಚಿಕ್ಕದಾಗುತ್ತೆ ಅತ್ತಿಗೆ, ಸೋಫಾ ಎಲ್ಲಿ ಹಾಕೋದು ಹೇಳಿ — ಸೋಫಾ ಇನ್ನೂ ಅಂಗಡಿಯಲ್ಲಿದೆ, ಅದರ ಕಾಲಿಗೆ ಮಾತ್ರ ಆಗಲೇ ಜಾಗವಿದೆ. ಮಂಚ ಯಾಕೆ ಬೇಕು, ಅವಳೇ ಮುಂದುವರಿಸಿದಳು, ನೆಲದ ಮೇಲೆ ಹಾಸಿಗೆ ಹಾಕ್ಕೊಂಡ್ರೆ ಕಾಲು ಮಡಚ್ಕೋಬಹುದು, ಈಗೆಲ್ಲಾ ಡಾಕ್ಟ್ರೇ ಹೇಳ್ತಾರೆ ನೆಲ ಒಳ್ಳೇದು ಅಂತ. ಯಾವ ಡಾಕ್ಟ್ರು ಕಣೇ, ನಿಮ್ಮಪ್ಪನಾ? ಅನ್ನಲಿಲ್ಲ. ತಮ್ಮನ ಕಡೆ ನೋಡಿದೆ, ಇವನು ಒಂದು ಮಾತು ಅನ್ನಲಿ, ಮೇಸ್ತ್ರಿ ಗೆರೆ ಸರಿಸು ಅನ್ನಲಿ, ಸರಿಸದಿದ್ದರೆ ಬೇಡ, ಅಂದರೆ ಸಾಕು, ಅಂದರೆ ಕಿಟಕಿಯೂ ಬೇಡ — ತಮ್ಮ ಗಂಟಲು ಸರಿಮಾಡಿಕೊಂಡ. ಅಕ್ಕ ಯಾವಾಗ್ಲೂ ಮುದುಡ್ಕೊಂಡೇ ಮಲಗೋದು, ಚಿಕ್ಕಂದಿನಿಂದ ನೋಡಿದೀನಲ್ಲ, ಅವಳಿಗೆ ಅದೇ ಅಭ್ಯಾಸ.

ಅಭ್ಯಾಸ. ಒಂದೇ ಚಾಪೆ, ಒಂದೇ ಹೊದಿಕೆ, ನೀನು ನಿದ್ದೆಯಲ್ಲಿ ಕೈಕಾಲು ಹರಡಿ ನನ್ನ ಹೊಟ್ಟೆಗೆ ಒದೆಯುತ್ತಿದ್ದೆ, ನಾನು ಗೋಡೆಗೆ ಅಂಟಿ ಮಂಡಿಯನ್ನು ಎದೆಗೆ ತಂದುಕೊಳ್ಳುತ್ತಿದ್ದೆ, ಮಗು ಆರಾಮಾಗಿ ಮಲಗಲಿ ಅಂತ, ನೀನು ಎದ್ದು ನೋಡಿದ್ದು ಅಷ್ಟನ್ನೇ, ಮುದುಡಿದವಳನ್ನು, ಒದ್ದದ್ದು ನಿನಗೆ ಹೇಗೆ ನೆನಪಿರಬೇಕು, ನಿದ್ದೆಯಲ್ಲಿದ್ದೆಯಲ್ಲ. ಹೇಳಿಬಿಡಲೇ, ಎಲ್ಲರ ಮುಂದೆ, ಆದರೆ ಅವನು ಕುಕ್ಕುರುಗಾಲಲ್ಲಿ ಕೂರುತ್ತಿದ್ದಾನೆ, ನನ್ನ ಕಾಲ ಬಳಿ, ಗೆರೆ ಅಳಿಸುತ್ತಾನೇನೋ, ಕೈ ಚಾಚುತ್ತಿದ್ದಾನೆ, ಅಳಿಸುತ್ತಾನೆ — ಬೆಚ್ಚಗಿನ ಎರಡು ಕೈ ನನ್ನ ಹರಡುಗಳನ್ನು ಹಿಡಿದವು, ಎಷ್ಟು ಮೆತ್ತಗೆ, ಒಳಕ್ಕೆ ತಳ್ಳಿದವು. ಮಂಡಿ ಮಡಚಿತು, ನೋಯಲೂ ಇಲ್ಲ. ನೋಡ್ದ್ಯಾ, ಸರಿಹೋಯ್ತು, ಅಂದ, ಹೂಂ ಅನ್ನಕ್ಕಾ, ಅವ್ರು ಕಾಯ್ತಿದಾರೆ. ಹಾಲಿನ ಪ್ಯಾಕೆಟ್ಟು, ಊದಿದ ಪ್ಯಾಕೆಟ್ಟು — ಹೂಂ, ಅಂದುಬಿಟ್ಟಿದ್ದೆ. ಅವನು ರಸ್ತೆಯ ಕಡೆ ಓಡಿದ, ಅವಳು ಹಿಂದೆಯೇ, ಹುಡುಗಿ ಫೋಟೋ ನೋಡುತ್ತಾ ಹೋದಳು, ಏಳು ಎಂದು ಯಾರೂ ಹೇಳಲಿಲ್ಲ. ಮೇಸ್ತ್ರಿ ಒಬ್ಬ ಉಳಿದ, ಮುಷ್ಟಿ ತುಂಬ ಸುಣ್ಣ, ಕಾಲು ತಗುಲಿ ಗೆರೆ ಕೆಟ್ಟಿದೆ ಅಮ್ಮಾ, ಇನ್ನೊಂದ್ಸಲ ಎಳೀತೀನಿ, ಹಾಗೇ ಇರಿ, ಮಡಚಿದ ನನ್ನ ಕಾಲನ್ನೊಮ್ಮೆ ನೋಡಿದ, ಇಷ್ಟೊಂದು ಯಾಕೆ, ಜಾಗ ಮಿಕ್ಕುತ್ತಲ್ಲ, ಮುಷ್ಟಿ ಸಡಿಲಿಸಿದ, ಹಳೆಯ ಗೆರೆಯ ಮೇಲಲ್ಲ, ಇನ್ನೂ ಈಚೆಗೆ, ಬಿಳಿ ಪುಡಿ ಸುರಿಯುತ್ತಾ ಬರುತ್ತಿದೆ, ನನ್ನ ಹೆಬ್ಬೆರಳಿಗೆ ತಾಗಿಕೊಂಡು, ಗೆರೆ, ನನ್ನ ಬೆರಳು, ಗೆರೆ